ಗೂಗಲ್ ಮೀಟ್‌ನಲ್ಲಿ ನಾನು ನಮ್ಮಪ್ಪ ಆಗಿದ್ದೆ

ಕೊರೊನಾ ಕಾಲದಲ್ಲಿ ಕಾಲೇಜು ಓದುತ್ತಿದ್ದವರ ಮನಸ್ಸಿನ ಬಗ್ಗೆ ಮಾತು ಬಂದಾಗಲೆಲ್ಲ ಒಂಟಿತನದ ಮಾತೇ ಮೊದಲು ಬರುತ್ತದೆ. ಪಾಪ, ನಾಲ್ಕು ಗೋಡೆ ಮಧ್ಯೆ ಒಬ್ಬೊಬ್ಬರೇ ಕೂತು ಕೊರಗಿದರು ಅಂತ. ಬೆಂಗಳೂರಿನ ಪೀಜಿಗಳಲ್ಲಿ ಹಾಗೇ ಆಗಿರಬಹುದು. ಚಳ್ಳಕೆರೆ ತಾಲ್ಲೂಕಿನ ನಮ್ಮ ಮನೆಯಲ್ಲಿ ಆಗ ಎಂಟು ಜನ ಇದ್ದೆವು. ಅಪ್ಪ, ಅಮ್ಮ, ಅಜ್ಜಿ, ನಾನು, ತಮ್ಮ, ಬೆಂಗಳೂರಲ್ಲಿ ಕೆಲಸ ನಿಂತು ಊರಿಗೆ ಬಂದ ಚಿಕ್ಕಪ್ಪ, ಚಿಕ್ಕಮ್ಮ, ಅವರ ಪುಟ್ಟ ಮಗು. ಇರೋದು ಒಂದು ನಡುಮನೆ, ಒಂದು ಅಡುಗೆಮನೆ, ಒಂದು ಕೋಣೆ. ಆ ಕೋಣೆಯಲ್ಲೂ ಅರ್ಧ ಜಾಗ ಬಿತ್ತನೆ ಶೇಂಗಾ ಮೂಟೆಗಳದ್ದು. ಒಂದು ಗಳಿಗೆ ಒಬ್ಬಳೇ ಕೂರೋಕೆ ಜಾಗ ಸಿಕ್ಕಿದ್ದರೆ ನಾನು ಅಷ್ಟು ಕೆಡುತ್ತಿರಲಿಲ್ಲವೇನೋ.

ನಾನು ಆಗ ದಾವಣಗೆರೆಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ನಾಲ್ಕನೇ ಸೆಮಿಸ್ಟರ್‌ನಲ್ಲಿದ್ದೆ. ಹಾಸ್ಟೆಲ್ ವಾಸ. ಹಳ್ಳಿಯಿಂದ ಹೋದ ಹುಡುಗಿಗೆ ದಾವಣಗೆರೆ ಅಂದರೆ ಏನು ಅಂತ ಅಲ್ಲೇ ಹುಟ್ಟಿ ಬೆಳೆದವರಿಗೆ ಗೊತ್ತಾಗೋದು ಕಷ್ಟ. ಅವರಿಗೆ ಅದು ಬಿಸಿಲು, ಧೂಳು, ಬೆಣ್ಣೆ ದೋಸೆ. ನಮ್ಮೂರಲ್ಲಿ ನಾನು ಇಂಥವರ ಮಗಳು, ಇಂಥವರ ಮೊಮ್ಮಗಳು. ಅಂಗಡಿಗೆ ಹೋದರೂ 'ಯಾರ ಮನೆಯವಳವ್ವ?' ಅಂತಲೇ ಮಾತು ಶುರು. ದಾವಣಗೆರೆಯಲ್ಲಿ ನಮ್ಮಪ್ಪ ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬೇಕು ಅಂತಲೂ ಯಾರಿಗೂ ಇರಲಿಲ್ಲ. ರಾಮ್ ಅಂಡ್ ಕೋ ಸರ್ಕಲ್ ಹತ್ತಿರ ಗೆಳತಿಯರ ಜೊತೆ ನಿಂತು ಮಂಡಕ್ಕಿ, ಮಿರ್ಚಿ ತಿನ್ನುವಾಗ ನಾನು ಬರೀ ನಾನು.

ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ನನಗೊಂದು ಹೆಸರೂ ಇತ್ತು. ಟೈಟ್ರೇಶನ್ ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಬ್ಯುರೆಟ್ ಅನ್ನೋ ಅಳತೆ ಕೊಳವೆಯಿಂದ ಹನಿ ಹನಿ ಬಿಟ್ಟು ಅಳೆಯೋದು. ಫಿನಾಲ್ಫ್ತಲೀನ್ ಹಾಕಿದ ದ್ರಾವಣ ತಿಳಿ ಗುಲಾಬಿಗೆ ತಿರುಗುವ ಆ ಒಂದು ಹನಿಗೇ ಬ್ಯುರೆಟ್ ನಿಲ್ಲಿಸಬೇಕು. ಹನಿ ಜಾಸ್ತಿ ಬಿತ್ತೋ, ಬಣ್ಣ ಕಡುವಾಗಿ ರೀಡಿಂಗ್ ಹಾಳು. ಎಡಗೈ ಬೆರಳು ಬ್ಯುರೆಟ್ಟಿನ ತಿರುಪಿನ ಮೇಲೆ, ಬಲಗೈಯಲ್ಲಿ ಫ್ಲಾಸ್ಕ್ ಅಲ್ಲಾಡಿಸುತ್ತಾ ಇರಬೇಕು, ಕಣ್ಣು ಕೆಳಗಿಟ್ಟ ಬಿಳಿ ಹಾಳೆಯ ಮೇಲೆ. ನನ್ನ ರೀಡಿಂಗುಗಳು ಒಂದಕ್ಕೊಂದು ಕೂಡಿ ಬರುತ್ತಿದ್ದವು. ಪಕ್ಕದ ಬೆಂಚಿನವರು 'ಏ, ಇವಳ ವ್ಯಾಲ್ಯೂ ನೋಡ್ರೇ' ಅಂತ ಬಂದು ಬರೆದುಕೊಂಡು ಹೋಗುತ್ತಿದ್ದರು. ಇಷ್ಟು ಸಣ್ಣ ವಿಷಯದ ಮೇಲೆ ನಾನು ಎಷ್ಟು ಭಾರ ಬಿಟ್ಟುಕೊಂಡು ನಿಂತಿದ್ದೆ ಅಂತ ಅದು ಕೈತಪ್ಪಿದ ಮೇಲೆ ಗೊತ್ತಾಯಿತು.

2020ರ ಮಾರ್ಚ್ 14ರಿಂದ ಒಂದು ವಾರ ಮಾಲು, ಥಿಯೇಟರು, ಕಾಲೇಜು ಎಲ್ಲ ಬಂದ್ ಅಂತ ಸರ್ಕಾರ ಹೇಳಿತು. ಒಂದು ವಾರ ತಾನೇ ಅಂತ ಟ್ರಂಕು, ರೆಕಾರ್ಡ್ ಬುಕ್ಕು, ಲ್ಯಾಬ್ ಕೋಟು ಎಲ್ಲ ಹಾಸ್ಟೆಲ್‌ನಲ್ಲೇ ಬಿಟ್ಟು, ಒಂದು ಬ್ಯಾಗು ಹಾಕಿಕೊಂಡು ಚಿತ್ರದುರ್ಗದ ಬಸ್ ಹತ್ತಿದೆ. ಅಲ್ಲಿಂದ ಚಳ್ಳಕೆರೆ, ಚಳ್ಳಕೆರೆಯಿಂದ ಆಟೋ. 22ಕ್ಕೆ ಜನತಾ ಕರ್ಫ್ಯೂ ಆಯಿತು. 25ರಿಂದ ಇಡೀ ದೇಶಕ್ಕೇ ಬೀಗ ಬಿತ್ತು.

ಏಪ್ರಿಲ್ ಮುಗಿಯುವ ಹೊತ್ತಿಗೆ ದಾವಣಗೆರೆಯಲ್ಲಿ ಕೇಸು ಏರತೊಡಗಿದವು. ಟಿವಿಯಲ್ಲಿ ದಿನಾ ಆ ಊರಿನ ಹೆಸರು. ಅಲ್ಲಿಯವರೆಗೆ 'ದಾವಣಗೆರೆಯಲ್ಲಿ ಓದೋ ಹುಡುಗಿ' ಅಂತ ಸ್ವಲ್ಪ ಮರ್ಯಾದೆಯಿಂದ ನೋಡುತ್ತಿದ್ದವರು ಈಗ ನಲ್ಲಿ ಹತ್ತಿರ ಕೊಡ ಇಟ್ಟರೆ ಎರಡು ಹೆಜ್ಜೆ ಹಿಂದೆ ಸರಿಯತೊಡಗಿದರು. 'ಇವಳು ಅಲ್ಲಿಂದ ಬಂದವಳಲ್ವಾ?' ನಾನು ಬಂದು ಒಂದೂವರೆ ತಿಂಗಳಾಗಿತ್ತು ಮಾರಾಯ್ರೆ. ಆಶಾ ಅಕ್ಕ ಮನೆಗೆ ಬಂದು ಜ್ವರ, ಕೆಮ್ಮು ವಿಚಾರಿಸಿ, ರಿಜಿಸ್ಟರ್‌ನಲ್ಲಿ ಬರೆದುಕೊಂಡು ಹೋದಳು. ಅದೂ ಅವಳ ಕೆಲಸ. ಆದರೆ ಬೀದಿಯವರಿಗೆ ಅಷ್ಟು ಸಾಕಾಯಿತು.

ಆಮೇಲೆ ಆನ್‌ಲೈನ್ ಕ್ಲಾಸು. ನನ್ನ ಹತ್ತಿರ ಇದ್ದದ್ದು ಕೀಪ್ಯಾಡ್ ಫೋನು. ಮನೆಯಲ್ಲಿ ಸ್ಮಾರ್ಟ್‌ಫೋನು ಅಂತ ಇದ್ದದ್ದು ಅಪ್ಪನದು. ಅದರಲ್ಲಿ ಜಿಮೇಲ್ ಅಕೌಂಟು ತೆರೆದುಕೊಟ್ಟವನು ಮೊಬೈಲ್ ಅಂಗಡಿ ಹುಡುಗ, ಅಪ್ಪನ ಹೆಸರಲ್ಲಿ. ನಮ್ಮಪ್ಪನಿಗೆ ನಾಯಕನಹಟ್ಟಿ ದೇವರ ಹೆಸರು, ತಿಪ್ಪೇಸ್ವಾಮಿ. ನಮ್ಮ ಕಡೆ ಮನೆಗೊಬ್ಬರಿಗೆ ಆ ಹೆಸರು ಇದ್ದೇ ಇರುತ್ತದೆ. ಗೂಗಲ್ ಮೀಟ್‌ಗೆ ಸೇರಿದ ಕೂಡಲೇ ಸಣ್ಣ ಚೌಕದೊಳಗೆ ಅಪ್ಪನ ಹೆಸರು, ಹೊಲದಲ್ಲಿ ಟವೆಲ್ ಹೆಗಲ ಮೇಲೆ ಹಾಕಿಕೊಂಡು ನಿಂತ ಅಪ್ಪನ ಫೋಟೊ. ಬೇರೆ ಅಕೌಂಟ್ ಮಾಡಿಕೊಳ್ತೀನಿ ಅಂದೆ. 'ಇರೋದು ಹಾಳಾಗಿ ಬ್ಯಾಂಕಿನ ಮೆಸೇಜು ಬರದಂಗಾದೀತು, ಮುಟ್ಟಬೇಡ' ಅಂದ ಅಪ್ಪ. ಮೆಸೇಜಿಗೂ ಜಿಮೇಲಿಗೂ ಸಂಬಂಧ ಇಲ್ಲ ಅಂತ ಅವನಿಗೆ ಒಪ್ಪಿಸೋಕೆ ನನ್ನ ಕೈಲಿ ಆಗಲಿಲ್ಲ.

ಮೊದಲ ದಿನ ಹಾಜರಿ ಕರೆಯುವಾಗ ನಮ್ಮ ಲೆಕ್ಚರರ್ 'ಸ್ವಾಮಿಗಳು ಯಾರಪ್ಪಾ, ಯಾವ ಕಾಲೇಜು?' ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೈಕ್ ಆನ್ ಮಾಡಿ 'ಸರ್, ನಾನು' ಅಂತ ಹೆಸರು ಹೇಳಿದೆ. ಹಿಂದೆ ಮಗು ಅಳುತ್ತಿತ್ತು, ಅಜ್ಜಿ ಕೆಮ್ಮುತ್ತಿದ್ದಳು. ಆ ದಿನಗಳಲ್ಲಿ ಕೆಮ್ಮು ಕೇಳಿಸಿದರೆ ಜನ ಹೇಗೆ ನೋಡುತ್ತಿದ್ದರು ಅಂತ ಗೊತ್ತಲ್ಲ. ತಕ್ಷಣ ಮೈಕ್ ಆಫ್ ಮಾಡಿದೆ. ಆಮೇಲಾಮೇಲೆ ಆನ್ ಮಾಡೋದನ್ನೇ ಬಿಟ್ಟೆ. ಲೆಕ್ಚರರ್ ಕೂಡ ಕೇಳೋದು ಬಿಟ್ಟರು. ಅಪ್ಪನ ಹೆಸರಿಗೇ ಹಾಜರಿ ಬೀಳುತ್ತಾ ಹೋಯಿತು. ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲೂ ಅಪ್ಪನ ನಂಬರು. ಗೆಳತಿಯರು ಮೊದಮೊದಲು ತಮಾಷೆ ಮೆಸೇಜು ಹಾಕುತ್ತಿದ್ದರು. ಅಪ್ಪ ಓದುತ್ತಾನೆ ಅಂತ ಗೊತ್ತಾದ ಮೇಲೆ ಎಲ್ಲ 'ಗುಡ್ ಮಾರ್ನಿಂಗ್' ಆಯಿತು.

ಮೇ ಕೊನೆ, ಜೂನ್ ಅಂದರೆ ನಮ್ಮ ಕಡೆ ಬಿತ್ತನೆಗೆ ಶೇಂಗಾ ಸುಲಿಯೋ ಕಾಲ. ನಡುಮನೆಯಲ್ಲಿ ರಾಶಿ ಹಾಕಿಕೊಂಡು ಹೆಂಗಸರೆಲ್ಲ ಸುತ್ತ ಕೂರುತ್ತೇವೆ. ಮಷಿನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆ ಅಂತ ನಮ್ಮನೆಯಲ್ಲಿ ಬಿತ್ತೋ ಬೀಜವನ್ನು ಕೈಯಲ್ಲೇ ಸುಲಿಯೋದು. ತುದಿಯನ್ನು ಹೆಬ್ಬೆರಳಿಂದ ಒತ್ತಿದರೆ ಟಕ್ ಅಂತ ಬಿಚ್ಚಿಕೊಳ್ಳುತ್ತದೆ. ಒಂದು ತಾಸು ಚಂದ. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳ ತುದಿ ಊದಿಕೊಂಡು, ಉಗುರಿನ ಸಂದಿ ಉರಿಯುತ್ತದೆ. ಸಂಜೆ ಉಪ್ಪಿನಕಾಯಿ ಮುಟ್ಟೋಕಾಗಲ್ಲ. ನಾನು ಫೋನನ್ನು ಗೋಡೆಗೆ ಒರಗಿಸಿಟ್ಟುಕೊಂಡು, ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಸುಲಿಯುತ್ತಾ ಪಾಠ ಕೇಳುತ್ತಿದ್ದೆ. ಲ್ಯಾಬ್ ಕ್ಲಾಸ್ ಅಂತ ಯೂಟ್ಯೂಬ್ ವಿಡಿಯೊ ತೋರಿಸುತ್ತಿದ್ದರು. ಯಾರದೋ ಕೈ, ಯಾವುದೋ ಬ್ಯುರೆಟ್. ನೆಟ್‌ವರ್ಕ್ ಹೋಗಿ ಚಿತ್ರ ನಿಂತುಬಿಡೋದು. ಬಂದಾಗ ಬಣ್ಣ ಆಗಲೇ ತಿರುಗಿ ಹೋಗಿರುತ್ತಿತ್ತು. 'ಏನು ನೋಡ್ತಾಳೋ, ಕೈ ಓಡ್ತಿಲ್ಲ ನೋಡು ಇವಳದು' ಅಂತ ಅಜ್ಜಿ ಗೊಣಗುತ್ತಿದ್ದಳು.

ಜುಲೈನಲ್ಲಿ ನಮಗೆಲ್ಲ ಪರೀಕ್ಷೆ ಇಲ್ಲ, ಇಂಟರ್ನಲ್ ಅಂಕ ಮತ್ತು ಹಿಂದಿನ ಸೆಮಿಸ್ಟರ್ ನೋಡಿ ಪಾಸು ಅಂತ ಆಯಿತು. ಕೊನೇ ವರ್ಷದವರಿಗೆ ಮಾತ್ರ ಪರೀಕ್ಷೆ. ಚಿಕ್ಕಪ್ಪ 'ಕೊರೊನಾ ಪಾಸ್ ಕಣಮ್ಮ ನೀನು' ಅಂದ. ತಮಾಷೆಗೇ ಅಂದಿದ್ದು. ಊರೆಲ್ಲ ಅದೇ ಹೇಳಿತು. ಕಷ್ಟಪಟ್ಟು ಓದಿದವರಿಗೂ, ಪುಸ್ತಕ ಮುಟ್ಟದವರಿಗೂ ಒಂದೇ ಪಾಸು. ಹಾಗಾದರೆ ನಾನು ಅಲ್ಲಿಗೆ ಹೋಗಿ ಏನು ಮಾಡಿದೆ ಅನ್ನಿಸತೊಡಗಿತು.

ಅದರ ಬೆನ್ನಿಗೇ ಮದುವೆ ಮಾತು. ಇದನ್ನು ಪೇಪರಿನಲ್ಲಿ ಬರೆದವರು ಕಡಿಮೆ, ಆದರೆ ನಮ್ಮ ಕಡೆ ಮನೆಮನೆಯಲ್ಲಿ ನಡೆದಿದ್ದು. ಮದುವೆಗೆ 50 ಜನರ ಮೇಲೆ ಸೇರುವಂತಿಲ್ಲ ಅಂತ ನಿಯಮ ಇತ್ತು. ಛತ್ರ ಬೇಡ, ಊರೂಟ ಬೇಡ, ಬೀಗರ ಕಡೆಯವರೂ ಜೋರು ಮಾಡೋ ಹಾಗಿಲ್ಲ. ಹೆಣ್ಣು ಹೆತ್ತವರಿಗೆ ಇದಕ್ಕಿಂತ ಅಗ್ಗದ ಕಾಲ ಇನ್ನೊಂದು ಬರಲ್ಲ. ನಮ್ಮತ್ತೆ ಹಿರಿಯೂರಿನಿಂದ ಫೋನು ಮಾಡಿ 'ಲಕ್ಷಗಟ್ಟಲೆ ಉಳೀತದೆ ಅಣ್ಣ, ಯೋಚನೆ ಮಾಡು' ಅಂದಿದ್ದು ನನಗೇ ಕೇಳಿಸಿತು. ಅಪ್ಪ ಕೆಟ್ಟವನಲ್ಲ. ಹಿಂದಿನ ವರ್ಷಗಳ ಬರದ ಸಾಲ ತಲೆ ಮೇಲಿತ್ತು. ಲೆಕ್ಕ ಅವನಿಗೂ ಅರ್ಥವಾಗುತ್ತದಲ್ಲ.

ಇಲ್ಲಿಂದ ಮುಂದಿನದು ಹೇಳೋದು ಸ್ವಲ್ಪ ಕಷ್ಟ. ಯಾಕೆಂದರೆ ಹೇಳುವಂಥದ್ದು ಏನೂ ನಡೆಯಲಿಲ್ಲ. ನಿದ್ದೆ ಬರುತ್ತಿರಲಿಲ್ಲ. ಬಂದರೂ ನಡುರಾತ್ರಿ ಎಚ್ಚರ ಆಗಿ, ಕೋಳಿ ಕೂಗುವವರೆಗೆ ಹಂಚು ನೋಡಿಕೊಂಡು ಬಿದ್ದಿರುತ್ತಿದ್ದೆ. ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಯಾರು ಏನು ಕೇಳಿದರೂ 'ಹೂಂ'. ಪುಸ್ತಕ ತೆರೆದರೆ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ, ತಲೆಗೆ ಹತ್ತುತ್ತಿರಲಿಲ್ಲ. ಅಳು ಬಂದಿದ್ದರೂ ಒಂದು ಲೆಕ್ಕ. ಅದೂ ಇಲ್ಲ. ಅಜ್ಜಿ ದೃಷ್ಟಿ ಆಗಿದೆ ಅಂತ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅಮ್ಮ ರಕ್ತ ಕಡಿಮೆ ಆಗಿದೆ ಅಂತ ಕಬ್ಬಿಣದ ಮಾತ್ರೆ ತಂದಳು. ಚಿಕ್ಕಪ್ಪ ಬೆಳಿಗ್ಗೆ ಬೇಗ ಏಳು, ಯೋಗ ಮಾಡು ಅಂದ. ಎಲ್ಲಿ ಮಾಡೋದು ಚಿಕ್ಕಪ್ಪ, ನೀನು ಮಲಗಿರೋ ಜಾಗದಲ್ಲಾ?

ಪೇಪರಿನ ಒಂದು ಮೂಲೆಯಲ್ಲಿ ನಿಮ್ಹಾನ್ಸ್‌ನ ಸಹಾಯವಾಣಿ ನಂಬರು ಇತ್ತು. 080-46110007. ಲಾಕ್‌ಡೌನ್ ಶುರುವಾದ ಕೆಲವೇ ದಿನಗಳಲ್ಲಿ ಅದನ್ನು ತೆರೆದಿದ್ದರು. ನನ್ನ ಕೀಪ್ಯಾಡ್ ಫೋನು ತಗೊಂಡು ಸಂಜೆ ಮಾಳಿಗೆ ಹತ್ತಿದೆ. ಒಣಗಿಸಿದ ಹುಣಸೆಹಣ್ಣು ಎತ್ತಿಡೋ ನೆವ. ಆ ಕಡೆ ಮಾತಾಡಿದವರು ಒಬ್ಬ ಹೆಂಗಸು, ಕನ್ನಡದಲ್ಲೇ ಮಾತಾಡಿದರು. ಮನೆಯಲ್ಲಿ ಯಾರಿಗಾದರೂ ಕೊರೊನಾ ಬಂದಿದೆಯಾ ಅಂತ ಕೇಳಿದರು. ಇಲ್ಲ ಅಂದೆ. ಹಾಗಾದರೆ ಏನಾಗ್ತಿದೆ ಹೇಳಿ ಅಂದರು. 'ಏನೂ ಆಗ್ತಿಲ್ಲ ಮೇಡಂ' ಅಂದೆ. ಅವರು ಫೋನ್ ಇಡಲಿಲ್ಲ. 'ಸರಿ, ಏನೂ ಆಗದೆ ಇರೋದು ಯಾವಾಗಿಂದ?' ಅಂತ ಕೇಳಿದರು. ಅಷ್ಟಕ್ಕೆ ಗಂಟಲು ಕಟ್ಟಿತು.

ಅವರು ಬುದ್ಧಿಮಾತು ಹೇಳಲಿಲ್ಲ. ಇದು ಬರೆದಿಡಬೇಕಾದ ವಿಷಯ, ಯಾಕೆಂದರೆ ಆ ವರ್ಷ ಎಲ್ಲರೂ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದರು. ಕೇಳಿಸಿಕೊಂಡರು, ನಡುವೆ ನಡುವೆ ನಿದ್ದೆ, ಊಟ, ತೂಕದ ಬಗ್ಗೆ ಕೇಳಿದರು. ಕೊನೆಗೆ, ಫೋನಿನಲ್ಲಿ ಇಷ್ಟು ಆಗುತ್ತದೆ, ಒಂದು ಸಲ ಮುಖ ನೋಡಿ ಮಾತಾಡುವವರು ಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ ಅಂದರು. ಮನೋಚೈತನ್ಯ ಅಂತ ರಾಜ್ಯ ಸರ್ಕಾರದ ಕಾರ್ಯಕ್ರಮ ಇದೆ. ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಇದೆಲ್ಲ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದದ್ದು ಇನ್ನೊಂದು: ಜಿಲ್ಲೆ ಮಟ್ಟದಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು ಮೊದಲು ಮಾಡಿ ನೋಡಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲೇ, 1985ರಲ್ಲಿ. ದೇಶದ ಬೇರೆ ಜಿಲ್ಲೆಗಳಿಗೆ ಅದು ಹಬ್ಬಿದ್ದು ಬಳ್ಳಾರಿ ನೋಡಿ. ಮೊಳಕಾಲ್ಮುರು ದಾಟಿದರೆ ಬಳ್ಳಾರಿ ಜಿಲ್ಲೆ. ಅಷ್ಟು ಹತ್ತಿರ ಇದ್ದೂ ನಮ್ಮ ಬೀದಿಯಲ್ಲಿ ಮೆಣಸಿನಕಾಯಿ ನಿವಾಳಿಸೋದು ಬಿಟ್ಟರೆ ಬೇರೆ ದಾರಿ ಯಾರಿಗೂ ಗೊತ್ತಿಲ್ಲ.

ನನಗೆ ತಲೆನೋವು ಅಂತ ಹೇಳಿ ಅಮ್ಮನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೊರಗೆ ದೂರ ದೂರ ಬಳಿದ ಬಿಳಿ ಸುಣ್ಣದ ವೃತ್ತಗಳಲ್ಲಿ ನಿಲ್ಲಿಸಿದ್ದರು. ಒಳಗೆ ಡಾಕ್ಟರು, ಪಕ್ಕದಲ್ಲಿ ಆಪ್ತಸಮಾಲೋಚನೆ ಮಾಡುವ ಮೇಡಂ. ಮೇಡಂ ಒಂದು ಹಾಳೆ ತೆಗೆದರು. ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿದ್ದು ಎಷ್ಟು ದಿನ? ನಿದ್ದೆಯ ತೊಂದರೆ ಎಷ್ಟು ದಿನ? ನಾನು ಯಾವುದಕ್ಕೂ ಬಾರದವಳು ಅನ್ನಿಸಿದ್ದು? ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಎಲ್ಲ ಸೇರಿ 27. ಮೊದಲನೇ ಪ್ರಶ್ನೆಗೆ ನಾನು ಬಾಯಿ ತೆರೆಯೋ ಮೊದಲೇ ಅಮ್ಮ 'ಇಲ್ಲ ಮೇಡಂ, ಆಸಕ್ತಿ ಎಲ್ಲ ಇದೆ, ಮನೆಕೆಲಸ ಚೆನ್ನಾಗೇ ಮಾಡ್ತಾಳೆ' ಅಂದಳು. ಎರಡನೆಯದಕ್ಕೂ ಅವಳೇ. ಮೇಡಂ ಪೆನ್ನು ಕೆಳಗಿಟ್ಟು 'ಅಮ್ಮ, ನೀವು ಸ್ವಲ್ಪ ಹೊತ್ತು ಹೊರಗೆ ಕೂತಿರಿ' ಅಂದರು. ಅಮ್ಮನ ಮುಖ ಸಣ್ಣದಾಯಿತು. ಹೆತ್ತವಳಿಗಿಂತ ಇವರಿಗೆ ಜಾಸ್ತಿ ಗೊತ್ತಾ ಅನ್ನೋ ಹಾಗೆ ನೋಡಿ, ಸೆರಗು ಸರಿ ಮಾಡಿಕೊಂಡು ಹೊರಗೆ ಹೋದಳು.

ಒಂಬತ್ತನೆಯದು ಸಾವಿನ ಪ್ರಶ್ನೆ. ಸತ್ತರೆ ಚೆನ್ನ ಅಂತ ಅನ್ನಿಸಿದೆಯಾ, ಏನಾದರೂ ಮಾಡಿಕೊಳ್ಳಬೇಕು ಅಂತ ಅನ್ನಿಸಿದೆಯಾ. ಮೇಡಂ ದನಿ ತಗ್ಗಿಸದೆ, ಸುತ್ತಿ ಬಳಸದೆ ಕೇಳಿದರು. ಹೀಗೆ ನೇರ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದುಬಿಡುತ್ತದೆ ಅಂತ ನಮ್ಮ ಜನ ಹೆದರುತ್ತಾರೆ. ಹಾಗಾಗುವುದಿಲ್ಲ ಅಂತ ಅವರೇ ಹೇಳಿದರು. ಕೇಳಿದರೆ ಭಾರ ಇಳಿಯುತ್ತದಂತೆ. ನನಗೆ ಇಳಿದದ್ದು ಹೌದು. 'ಸಾಯಬೇಕು ಅಂತ ಅಲ್ಲ ಮೇಡಂ. ಯಾರ ಕಣ್ಣಿಗೂ ಬೀಳದ ಹಾಗೆ ಇರಬೇಕು ಅನ್ನಿಸುತ್ತೆ' ಅಂದೆ. ಬರೆದುಕೊಂಡರು. ನನ್ನದು ಮಧ್ಯಮ ಖಿನ್ನತೆ ಅನ್ನುವ ಸಾಲಿಗೆ ಬಿತ್ತು. 10ರಿಂದ 14ರವರೆಗೆ ಬಂದರೆ ಹಾಗನ್ನುತ್ತಾರೆ. ಡಾಕ್ಟರು ಸದ್ಯಕ್ಕೆ ಮಾತ್ರೆ ಬೇಡ, ಮೇಡಂ ಹೇಳಿದ್ದು ಮಾಡು, ಮತ್ತೆ ಬಾ ಅಂದರು. ಎಷ್ಟೋ ಜನಕ್ಕೆ ಮಾತ್ರೆ ಬೇಕೇ ಬೇಕಾಗುತ್ತದೆ, ತಗೊಂಡು ಚೆನ್ನಾಗಿರುತ್ತಾರೆ. ನನಗೆ ಬೇಕಾಗಲಿಲ್ಲ ಅನ್ನೋದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ.

ಮೇಡಂ ಕೊಟ್ಟ ಮೊದಲ ಕೆಲಸ ವಿಚಿತ್ರವಾಗಿತ್ತು. ನೋಟ್‌ಬುಕ್ಕಿನಲ್ಲಿ 'ನಾನು' ಅಂತ ಶುರುಮಾಡಿ 20 ಸಾಲು ಬರೆದುಕೊಂಡು ಬಾ. ಆಮೇಲೆ ಹುಡುಕಿದಾಗ ಗೊತ್ತಾಯಿತು, ಇದು ಹಳೇ ಪರೀಕ್ಷೆ. ಕೂನ್ ಮತ್ತು ಮೆಕ್‌ಪಾರ್ಟ್‌ಲ್ಯಾಂಡ್ ಅನ್ನೋ ಇಬ್ಬರು ಅಮೆರಿಕದ ಸಮಾಜಶಾಸ್ತ್ರಜ್ಞರು 1954ರಲ್ಲಿ ಮಾಡಿದ್ದು. ನಾನು ಯಾರು ಅನ್ನುವ ಒಂದೇ ಪ್ರಶ್ನೆಗೆ 20 ಉತ್ತರ. ರಾತ್ರಿ ಅಡುಗೆಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಬರೆದೆ. ನಾನು ಇಂಥವರ ಮಗಳು. ನಾನು ಇಂಥವನ ಅಕ್ಕ. ನಾನು ಇಂಥ ಊರಿನವಳು, ಇಂಥ ಜಾತಿಯವಳು. ಅರ್ಧದವರೆಗೆ ಸಲೀಸಾಗಿ ಬಂತು. ಅಲ್ಲಿಂದ ಮುಂದೆ ಪೆನ್ನು ನಿಂತಿತು. ತಿಣುಕಿ ತಿಣುಕಿ ಬರೆದೆ: ನಾನು ಟೈಟ್ರೇಶನ್ ಚೆನ್ನಾಗಿ ಮಾಡುತ್ತಿದ್ದೆ. ನಾನು ಎನ್ನೆಸ್ಸೆಸ್ ಕ್ಯಾಂಪಿನಲ್ಲಿ ಹಾಡುತ್ತಿದ್ದೆ. ನಾನು ಗೆಳತಿಯರನ್ನು ನಗಿಸುತ್ತಿದ್ದೆ. 20 ತುಂಬಲಿಲ್ಲ.

ಮುಂದಿನ ಸಲ ಮೇಡಂ ಆ ಪುಟ ಓದಿದರು. ಸಂಬಂಧದ ಸಾಲುಗಳ ಬಗ್ಗೆ ಏನೂ ಅನ್ನಲಿಲ್ಲ. ನಮ್ಮಲ್ಲಿ ಯಾರೇ ಬರೆದರೂ ಅವೇ ಮೊದಲು ಬರುತ್ತವೆ, ಅದರಲ್ಲಿ ರೋಗ ಏನಿಲ್ಲ ಅಂದರು. ಕೆಳಗಿನ ಸಾಲುಗಳಿಗೆ ಮಾತ್ರ ಒಂದೊಂದಾಗಿ ಗೆರೆ ಎಳೆದರು. 'ನಿನ್ನ ಬಗ್ಗೆ ನೀನೇ ಬರೆದದ್ದೆಲ್ಲ ಮುಗಿದುಹೋದ ಕತೆ. ಈಗ ನಡೀತಿರೋದು ಒಂದೂ ಇಲ್ಲ. ಒಂದು ಸಾಲು ಸಾಕು, ಈ ವಾರ ಈಗಿನದು ಬರೆಯೋ ಹಾಗೆ ಏನಾದರೂ ಮಾಡು' ಅಂದರು. ಮನಸ್ಸು ಬಂದ ಮೇಲೆ ಮಾಡೋಣ ಅಂತ ಕಾದರೆ ಈ ಸ್ಥಿತಿಯಲ್ಲಿ ಮನಸ್ಸು ಬರೋದೇ ಇಲ್ಲವಂತೆ. ಮೊದಲು ಕೈ ಕೆಲಸಕ್ಕೆ ಹತ್ತಬೇಕು, ಮನಸ್ಸು ಹಿಂದೆ ಬರುತ್ತದೆ. ಅದಕ್ಕೇ ಚಿಕಿತ್ಸೆಯಲ್ಲಿ ದಿನಕ್ಕೊಂದು ಸಣ್ಣ ಕೆಲಸ, ಗೊತ್ತಾದ ಹೊತ್ತಿಗೆ, ಬರೆದಿಟ್ಟು ಮಾಡಿಸುತ್ತಾರೆ. ವಾಕ್ ಹೋಗು ಅಂದರು. ನಮ್ಮೂರಲ್ಲಿ ಹೆಣ್ಣುಮಕ್ಕಳು ಸುಮ್ನೆ ನಡೆದಾಡಿದರೆ 'ಎಲ್ಲಿಗವ್ವ?' ಅಂತ ಹತ್ತು ಜನ ಕೇಳುತ್ತಾರೆ. ಹಾಗಾಗಿ ಹೊಲಕ್ಕೆ ಅಪ್ಪನಿಗೆ ಬುತ್ತಿ ಒಯ್ಯೋ ಕೆಲಸ ತಮ್ಮನಿಂದ ಕಿತ್ತುಕೊಂಡೆ. ಮೊದಲು ನಿಧಾನಕ್ಕೆ, ಆಮೇಲೆ ಬೇಕಂತಲೇ ದೂರದ ಬದು ಹಿಡಿದು.

ಈಗಿನ ಸಾಲು ಸಿಕ್ಕಿದ್ದು ಆಗಸ್ಟ್‌ನಲ್ಲಿ. ಶಾಲೆ ಮುಚ್ಚಿದ್ದರಿಂದ ಸರ್ಕಾರ ವಿದ್ಯಾಗಮ ಅಂತ ಶುರು ಮಾಡಿತು. ಮೇಷ್ಟ್ರುಗಳೇ ಊರೊಳಗೆ ಬಂದು ಗುಡಿ ಕಟ್ಟೆ, ಮರದ ನೆರಳು, ಸಮುದಾಯ ಭವನ, ಎಲ್ಲಿ ಜಾಗ ಇದೆಯೋ ಅಲ್ಲಿ ಮಕ್ಕಳನ್ನು ಗುಂಪು ಗುಂಪಾಗಿ ಕೂರಿಸಿ ಪಾಠ ಮಾಡುತ್ತಿದ್ದರು. ನಮ್ಮೂರಿಗೆ ಬರುತ್ತಿದ್ದ ಮೇಷ್ಟ್ರು ಒಬ್ಬರೇ, ಗುಂಪು ಮೂರು. ನಾನು ಹೋಗಿ ಕೇಳಿದೆ. ಹೈಸ್ಕೂಲು ಮಕ್ಕಳ ವಿಜ್ಞಾನ ನೋಡ್ಕೋ ಅಂದರು. ಮೊದಲ ದಿನ ದನಿಯೇ ಹೊರಡಲಿಲ್ಲ. ಎಷ್ಟು ತಿಂಗಳಾಗಿತ್ತು ನಾನು ಜೋರಾಗಿ ಮಾತಾಡಿ! ಆಮ್ಲ, ಪ್ರತ್ಯಾಮ್ಲ ಹೇಳಿಕೊಡೋಕೆ ಲಿಟ್ಮಸ್ ಎಲ್ಲಿಂದ ತರಲಿ. ಅರಿಶಿನ ಕದಡಿದ ನೀರಿಗೆ ಒಬ್ಬ ಹುಡುಗನ ಕೈಯಲ್ಲಿ ಸೋಪಿನ ನೀರು ಹನಿ ಹನಿ ಬಿಡಿಸಿದೆ. ಹಳದಿ ಹೋಗಿ ಕೆಂಪಾಯಿತು. 'ಮಿಸ್, ರಕ್ತ!' ಅಂತ ಕೂಗಿದ ಅವನು. ನಿಂಬೆಹುಳಿ ಹಿಂಡಿದಾಗ ಮತ್ತೆ ಹಳದಿ. ಇನ್ನೊಂದು ಸಲ, ಇನ್ನೊಂದು ಸಲ ಅಂತ ಎಲ್ಲರೂ ಮುಗಿಬಿದ್ದರು, ಅಂತರ ಎಲ್ಲ ಮರೆತು. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆದೆ: ನಾನು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಆ ರಾತ್ರಿ ನಿದ್ದೆ ಏನೂ ಬರಲಿಲ್ಲ. ಸಿನಿಮಾದಲ್ಲಾದರೆ ಬರುತ್ತಿತ್ತು. ನಿದ್ದೆ ಸರಿಹೋಗಲು ಇನ್ನೂ ತಿಂಗಳುಗಟ್ಟಲೆ ಹಿಡಿಯಿತು. ಅಕ್ಟೋಬರ್‌ನಲ್ಲಿ ಮಕ್ಕಳಿಗೆ, ಮೇಷ್ಟ್ರುಗಳಿಗೆ ಸೋಂಕು ಬರುತ್ತಿದೆ ಅಂತ ವಿದ್ಯಾಗಮವನ್ನೂ ನಿಲ್ಲಿಸಿದರು. ಮಕ್ಕಳು ಮಾತ್ರ ಬೀದಿಯಲ್ಲಿ ಕಂಡಾಗ 'ಮಿಸ್' ಅನ್ನೋದು ಬಿಡಲಿಲ್ಲ. ಅದನ್ನು ಕೇಳಿ ಅಂಗಡಿಯಜ್ಜನೂ 'ಬಾರವ್ವ ಮಿಸ್ಸು, ಏನು ಬೇಕು?' ಅನ್ನತೊಡಗಿದ. ಅಪ್ಪನಿಗೆ ಅದು ಹಿಡಿಸಿತು ಅಂತ ಕಾಣುತ್ತದೆ. ಅವನು ಹೇಳಲಿಲ್ಲ.

ನವೆಂಬರ್ 17ರಿಂದ ಕಾಲೇಜು ತೆರೆಯುತ್ತದೆ ಅಂತ ಸುದ್ದಿ ಬಂತು. ಬರುವವರು ಕೊರೊನಾ ಟೆಸ್ಟ್ ಮಾಡಿಸಿ ನೆಗೆಟಿವ್ ರಿಪೋರ್ಟ್ ತರಬೇಕು, ಜೊತೆಗೆ ಪೋಷಕರ ಒಪ್ಪಿಗೆ ಪತ್ರ. ಮೂಗಿಗೆ ಕಡ್ಡಿ ಹಾಕಿಸಿಕೊಂಡಿದ್ದು ಸುಲಭ. ಪತ್ರಕ್ಕೆ ಅಪ್ಪನ ಸಹಿ ಬೇಕು. ಆನ್‌ಲೈನ್ ಇದೆಯಲ್ಲ, ಮನೆಯಲ್ಲೇ ಇದ್ದು ಪಾಸಾದರೆ ಆಯಿತು, ಯಾಕೆ ಖರ್ಚು ಅಂದ. ಅವನ ಲೆಕ್ಕದಲ್ಲಿ ತಪ್ಪಿಲ್ಲ. ಮೇಡಂ ಇದಕ್ಕೆ ಮೊದಲೇ ನನ್ನನ್ನು ತಯಾರು ಮಾಡಿದ್ದರು. ಜಗಳ ಆಡಬೇಡ, ಅಳಬೇಡ, ನಿನಗೆ ಏನು ಬೇಕು ಅಂತ ಒಂದು ಮಾತಲ್ಲಿ ಹೇಳು, ಹೇಳಿ ಸುಮ್ಮನಿರು. ಅಪ್ಪ ಊಟ ಮಾಡಿ ಎಲೆಅಡಿಕೆ ಹಾಕಿಕೊಂಡಿದ್ದ ಹೊತ್ತು ನೋಡಿ ಹೇಳಿದೆ: 'ಅಪ್ಪ, ನಾನು ಡಿಗ್ರಿ ಮುಗಿಸಿ ಬಿ.ಎಡ್. ಮಾಡ್ತೀನಿ. ಮೇಷ್ಟ್ರಾಗ್ತೀನಿ. ಅಲ್ಲಿವರೆಗೆ ಮದುವೆ ಬೇಡ.' ಸುಮ್ಮನಿರೋದೇ ಎಲ್ಲಕ್ಕಿಂತ ಕಷ್ಟ ಆಯಿತು. ಅವನು ಎಲೆ ಉಗಿದು ಬಂದು, ಪತ್ರ ತಗೊಂಡು, ಕನ್ನಡಕ ಹುಡುಕಿ, ಪ್ರತಿ ಸಾಲೂ ಓದಿ ಸಹಿ ಹಾಕಿದ. 'ಅತ್ತೆಗೆ ನೀನೇ ಹೇಳ್ಕೋ' ಅಂದ. ಹೇಳಿಕೊಂಡೆ. ಆಕೆ ಇವತ್ತಿಗೂ ನನ್ನ ಜೊತೆ ಅಷ್ಟಕ್ಕಷ್ಟೇ.

ದಾವಣಗೆರೆಯಲ್ಲಿ ನಮ್ಮ ಹಾಸ್ಟೆಲ್ಲನ್ನು ಕ್ವಾರಂಟೈನ್ ಕೇಂದ್ರ ಮಾಡಿದ್ದರು. ನಮ್ಮ ಟ್ರಂಕುಗಳನ್ನೆಲ್ಲ ಒಂದು ಕೋಣೆಯಲ್ಲಿ ತಂದು ಪೇರಿಸಿದ್ದರು, ಅಟ್ಟದಲ್ಲಿ ಹಳೇ ಡಬ್ಬ ಒಟ್ಟಿದ ಹಾಗೆ. ನನ್ನದು ತಳದಲ್ಲಿತ್ತು. ಬೀಗ ಹಾಗೇ ಇತ್ತು, ಮೂಲೆ ಮಾತ್ರ ನಜ್ಜುಗುಜ್ಜಾಗಿತ್ತು. ರೆಕಾರ್ಡ್ ಬುಕ್ಕಿನ ಅಂಚನ್ನು ಇಲಿ ತಿಂದಿತ್ತು. ಕ್ಲಾಸಿನಲ್ಲಿ ಎಲ್ಲರಿಗೂ ಮಾಸ್ಕು. ಬೆಂಚಿಗೆ ಒಬ್ಬೊಬ್ಬರು. ಲ್ಯಾಬ್‌ನಲ್ಲಿ ಬ್ಯುರೆಟ್ ಹಿಡಿದೆ. ಸ್ಯಾನಿಟೈಸರ್ ಹಚ್ಚಿ ಕೈ ಜಾರುತ್ತಿತ್ತು. ಹನಿ ಜಾಸ್ತಿ ಬಿದ್ದು ಕಡು ಗುಲಾಬಿ ಆಯಿತು. ಎರಡನೇ ಸಲವೂ ಅಷ್ಟೇ. ಆರು ತಿಂಗಳ ಹಿಂದೆ ಹೀಗಾಗಿದ್ದರೆ ನಾನು ಕುಸಿದುಬಿಡುತ್ತಿದ್ದೆ. 'ನಂದೂ ಹಂಗೇ ಆಗಿದೆ ಬಿಡೇ' ಅಂದಳು ಪಕ್ಕದವಳು. ಇಬ್ಬರೂ ಚೆಲ್ಲಿ ಮತ್ತೆ ತುಂಬಿಸಿಕೊಂಡೆವು.

ಎರಡನೇ ಅಲೆಯ ಬಗ್ಗೆ ಜಾಸ್ತಿ ಬರೆಯಲ್ಲ. 2021ರ ಏಪ್ರಿಲ್ 27ರಿಂದ ಮತ್ತೆ ಕರ್ಫ್ಯೂ, ಮತ್ತೆ ಊರು. ಈ ಸಲ ಸಾವು ಬೀದಿಯೊಳಗೇ ಬಂತು. ಮನೆಯಲ್ಲಿ ಎಲ್ಲರಿಗೂ ಜ್ವರ ಬಂದು ಹೋಯಿತು. ಅಜ್ಜಿ ಉಳಿದಳು, ಎದುರು ಮನೆಯ ಅಜ್ಜ ಉಳಿಯಲಿಲ್ಲ. ಜೂನ್ 14ಕ್ಕೆ ಚಿತ್ರದುರ್ಗ ಜಿಲ್ಲೆ ಬಿಗಿ ಸಡಿಲಿಸಿತು. ದಾವಣಗೆರೆ ಸೇರಿ 11 ಜಿಲ್ಲೆಗಳಲ್ಲಿ 21ರವರೆಗೆ ಲಾಕ್‌ಡೌನ್ ಮುಂದುವರಿಯಿತು. ಮೊದಲ ಸಲ ಇಲ್ಲದ ಒಂದು ವ್ಯವಸ್ಥೆ ಈ ಸಲ ನನಗಿತ್ತು: ಶಿಷ್ಯವೇತನದ ದುಡ್ಡಲ್ಲಿ ತಗೊಂಡ ಸೆಕೆಂಡ್ ಹ್ಯಾಂಡ್ ಸ್ಮಾರ್ಟ್‌ಫೋನು, ನನ್ನದೇ ಜಿಮೇಲು. ಮೀಟ್‌ನಲ್ಲಿ ನನ್ನ ಹೆಸರು. ಕೋಣೆಯಲ್ಲಿ ಮೂಟೆ ಸರಿಸಿ ಒಂದು ಚಾಪೆ ಹಾಸೋಷ್ಟು ಜಾಗ ಮಾಡಿಕೊಂಡಿದ್ದೆ. ಕ್ಲಾಸಿನ ಹೊತ್ತಿಗೆ ಆ ಬಾಗಿಲು ಎಳೆದುಕೊಳ್ಳೋಕೆ ಅಜ್ಜಿಯೂ ಒಪ್ಪಿದ್ದಳು. ಮನಸ್ಸು ಕುಗ್ಗಿದ್ದು ನಿಜ, ಆದರೆ ಮೊದಲಿನ ಹಾಗೆ ನಾನು ಕಾಣೆಯಾಗಲಿಲ್ಲ.

ನಮ್ಮ ಲ್ಯಾಬ್ ಬ್ಯಾಚಿನಲ್ಲಿ ಜಗಳೂರು ಕಡೆಯ ಒಬ್ಬಳಿದ್ದಳು. ನನಗಿಂತ ಜಾಣೆ. ಆ ಮೇ ತಿಂಗಳಲ್ಲಿ ಅವಳ ಮದುವೆ ಆಯಿತು. ಆಗ ಮದುವೆಗೆ 40 ಜನ ಅಂತ ಇಳಿಸಿದ್ದರು. ನನಗೆ ಗೊತ್ತಾಗಿದ್ದು ವಾಟ್ಸಾಪ್ ಸ್ಟೇಟಸ್‌ನಿಂದ. ಜುಲೈ 26ಕ್ಕೆ ಕಾಲೇಜು ತೆರೆದಾಗ ಒಂದು ಡೋಸ್ ಲಸಿಕೆ ಹಾಕಿಸಿಕೊಂಡ ಸರ್ಟಿಫಿಕೇಟ್ ತೋರಿಸಿ ಎಲ್ಲ ಒಳಗೆ ಬಂದರು. ಅವಳು ಬರಲಿಲ್ಲ. ಕೊನೇ ಸೆಮಿಸ್ಟರ್ ಪರೀಕ್ಷೆಗೂ ಬರಲಿಲ್ಲ. ಅವಳಿಗೆ ನಿಮ್ಹಾನ್ಸ್‌ನ ಆ ಸಹಾಯವಾಣಿ ನಂಬರು ಕಳಿಸಿದ್ದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಯಾರ ಫೋನಿನಲ್ಲಿ ಓದಿದಳೋ, ಯಾರು ಓದಿದರೋ.

ಈಗ ಬಿ.ಎಡ್. ಮುಗಿದಿದೆ. 2022ರ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ಅನ್ನೋ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಬಂದ ಮೇಲೆ 14416 ಅಂತ ಐದೇ ಅಂಕಿ, ನೆನಪಿಡೋದು ಸುಲಭ. ಪುಕ್ಕಟೆ, ರಾತ್ರಿಯೂ ಎತ್ತುತ್ತಾರೆ. ಪಾಠ ಮಾಡುವ ಕಡೆ ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತೇನೆ. ಒಂದು ದಿನ ಅಮ್ಮ ಸೊಪ್ಪು ಬಿಡಿಸುತ್ತಾ 'ಆ ಮೇಡಂ ಇನ್ನೂ ಮಂಗಳವಾರ ಬರ್ತಾರೇನೇ?' ಅಂತ ಕೇಳಿದಳು. ಯಾಕೆ ಅಂದೆ. ಒಂದು ವರ್ಷದಿಂದ ಸರಿಯಾಗಿ ನಿದ್ದೆ ಇಲ್ಲ ಕಣೆ, ಎದೆ ಡವಡವ ಅನ್ನುತ್ತೆ ಅಂದಳು. ಹೋದೆವು. ಮೇಡಂ ಬದಲಾಗಿದ್ದರು, ಹಾಳೆ ಅದೇ. ನಾನು ಪಕ್ಕದ ಕುರ್ಚಿ ಎಳೆದುಕೊಂಡು 'ನಿದ್ದೆ ಕಡಿಮೆ ಮೇಡಂ ಇವರಿಗೆ, ಊಟನೂ' ಅಂತ ಶುರು ಮಾಡಿದೆ.

ಅಮ್ಮ ನನ್ನ ಕಡೆ ತಿರುಗಿದಳು. 'ನೀನು ಹೊರಗೆ ಕೂತ್ಕೋ ಹೋಗು' ಅಂದಳು. 'ನಾನು ಹೇಳ್ಕೋತೀನಿ.'